ಸೊಂಟದ ಮೂಳೆ ಮುರಿತದ ಶಸ್ತ್ರಚಿಕಿತ್ಸೆ: ಫಲಿತಾಂಶ, ತೊಡಕುಗಳು ಹಾಗೂ ದೊರೆಯುವ ಸೌಲಭ್ಯಗಳ ಕುರಿತು ಸಾರ್ವಜನಿಕ ಮಾಹಿತಿ

ವಯೋವೃದ್ಧರು ಬಚ್ಚಲುಮನೆಯಲ್ಲಿ ಕಾಲು ಜಾರಿ, ಹೊಸ್ತಿಲು ಎಡವಿ ಅಥವಾ ರಾತ್ರಿ ಮೂತ್ರವಿಸರ್ಜನೆಗೆಂದು ಏಳುವಾಗ ತಲೆ ಸುತ್ತಿ ಬೀಳುವುದು ಸಾಮಾನ್ಯವಾಗಿದೆ. ಬಿದ್ದವರು ಮೇಲೇಳಲಾಗದೆ, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದವು ಹೊರಕ್ಕೆ ತಿರುಗಿಕೊಂಡಿದ್ದಲ್ಲಿ ಸೊಂಟದ ಮೂಳೆ ಮುರಿದಿರುವ ಸಂಭವ ಹೆಚ್ಚು. ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಈ ವಯಸ್ಸಿನಲ್ಲಿ ಅದನ್ನು ತಾಳಿಕೊಳ್ಳುವರೇ, ಮತ್ತೆ ನಡೆದಾಡುವರೇ ಎಂಬ ಪ್ರಶ್ನೆಗಳಿಗೆ ಕುಟುಂಬದವರು ಒಂದೆರಡು ದಿನಗಳೊಳಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಆ ನಿರ್ಧಾರಕ್ಕೆ ನೆರವಾಗುವ ಮಾಹಿತಿಯನ್ನು ಹಾಗೂ ನಂತರ ಅರ್ಜಿ ಸಲ್ಲಿಸಬಹುದಾದ ಸೌಲಭ್ಯಗಳ ವಿವರವನ್ನು ಈ ಪುಟದಲ್ಲಿ ನೀಡಲಾಗಿದೆ. ಇದು ಚಿಕಿತ್ಸೆ ನೀಡುವ ವೈದ್ಯರ ಸಲಹೆಗೆ ಬದಲಿಯಲ್ಲ.

ಸೊಂಟ ಮುರಿಯುವುದು ಎಂದರೇನು?

ಆಡುಮಾತಿನಲ್ಲಿ ಸೊಂಟ ಮುರಿಯಿತು ಎನ್ನುವುದಾದರೂ, ಬಹುತೇಕ ಪ್ರಕರಣಗಳಲ್ಲಿ ಮುರಿದಿರುವುದು ತೊಡೆಯ ಮೂಳೆಯ ಮೇಲ್ತುದಿ. ಈ ಮೂಳೆಯ ತಲೆಯು ಚೆಂಡಿನಂತಿದ್ದು, ಸೊಂಟದ ಎಲುಬಿನ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಚೆಂಡಿನ ಕೆಳಗಿನ ಸಣ್ಣ ಭಾಗವನ್ನು ಕತ್ತು ಎನ್ನಲಾಗುತ್ತದೆ. ಮುರಿತವು ಕತ್ತಿನಲ್ಲಿ ಆಗಿದೆಯೇ ಅಥವಾ ಅದರ ಕೆಳಗಿನ ಅಗಲವಾದ ಭಾಗದಲ್ಲಿ ಆಗಿದೆಯೇ ಎಂಬುದರ ಮೇಲೆ ಚಿಕಿತ್ಸೆಯ ವಿಧಾನವೂ ಫಲಿತಾಂಶವೂ ಅವಲಂಬಿಸಿರುತ್ತವೆ.

ಚೆಂಡಿಗೆ ಹೋಗುವ ಸಣ್ಣ ರಕ್ತನಾಳಗಳು ಕತ್ತಿನ ಮೇಲಿಂದಲೇ ಹಾದುಹೋಗುತ್ತವೆ. ಕತ್ತು ಮುರಿದು ತುಂಡುಗಳು ಸರಿದಾಗ ಈ ನಾಳಗಳು ಹರಿದು ಚೆಂಡಿಗೆ ರಕ್ತ ನಿಲ್ಲಬಹುದು. ಆಗ ಮುರಿತವು ಕೂಡಿಕೊಳ್ಳದೆ ಉಳಿಯುವುದು ಅಥವಾ ಕೂಡಿಕೊಂಡರೂ ತಿಂಗಳುಗಳ ಬಳಿಕ ಚೆಂಡು ನಿರ್ಜೀವವಾಗಿ ಕುಸಿಯುವುದು ಸಂಭವಿಸುತ್ತದೆ. ಈ ಕಾರಣದಿಂದಲೇ ವಯಸ್ಸಾದವರಲ್ಲಿ ಸರಿದ ಮುರಿತವಿದ್ದರೆ ಅದನ್ನು ಜೋಡಿಸುವ ಬದಲು ಚೆಂಡನ್ನೇ ತೆಗೆದು ಲೋಹದ ಚೆಂಡನ್ನು ಅಳವಡಿಸಲಾಗುತ್ತದೆ. ಮೊದಲು ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಬಟ್ಟಲನ್ನೂ ಸೇರಿಸಿ ಪೂರ್ಣ ಕೀಲು ಬದಲಾವಣೆ ಮಾಡುವುದುಂಟು. ಯುವಕರಲ್ಲಿ ಮಾತ್ರ ಸ್ವಂತ ಚೆಂಡನ್ನು ಉಳಿಸಿಕೊಳ್ಳಲು ಸ್ಕ್ರೂಗಳಿಂದ ಜೋಡಿಸುವ ಪ್ರಯತ್ನಕ್ಕೆ ಆದ್ಯತೆ ನೀಡಲಾಗುತ್ತದೆ.

ಕತ್ತಿನ ಕೆಳಗಿನ ಭಾಗಕ್ಕೆ ರಕ್ತ ಪೂರೈಕೆ ಚೆನ್ನಾಗಿರುವುದರಿಂದ ಅಲ್ಲಿನ ಮುರಿತವು ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಪ್ಲೇಟು ಮತ್ತು ಸ್ಕ್ರೂ ಅಥವಾ ಮೂಳೆಯ ಒಳಗೆ ರಾಡು ಹಾಕಿ ಇದನ್ನು ಸ್ಥಿರಗೊಳಿಸಲಾಗುತ್ತದೆ.

ಬಿದ್ದ ನಂತರವೂ ಕುಂಟುತ್ತಾ ನಡೆದಾಡುವವರಲ್ಲಿ ಬಿರುಕು ಮಾತ್ರ ಬಿಟ್ಟಿದ್ದು, ಮೊದಲ ಎಕ್ಸ್-ರೇಯಲ್ಲಿ ಅದು ಕಾಣದೇ ಇರಬಹುದು. ತೊಡೆಸಂದಿನ ನೋವು ಕಡಿಮೆಯಾಗದಿದ್ದಲ್ಲಿ ಸ್ಕ್ಯಾನ್ ಮಾಡಿಸುವ ಬಗ್ಗೆ ವೈದ್ಯರನ್ನು ವಿಚಾರಿಸತಕ್ಕದ್ದು.

ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಗುವುದಿಲ್ಲವೇ?

ಮುಂಗೈ ಮುರಿತಕ್ಕೆ ಪಟ್ಟಿ ಕಟ್ಟಿದಂತೆ ಸೊಂಟಕ್ಕೆ ಕಟ್ಟಲು ಬರುವುದಿಲ್ಲ. ನಾಟಿ ಪಟ್ಟಿಯಾಗಲಿ, ಎಣ್ಣೆ ತಿಕ್ಕುವುದಾಗಲಿ ಒಳಗಿನ ತುಂಡುಗಳನ್ನು ಹಿಡಿದು ನಿಲ್ಲಿಸಲಾರವು. ಶಸ್ತ್ರಚಿಕಿತ್ಸೆ ಬಾರದಿದ್ದ ಕಾಲದಲ್ಲಿ ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸಲಾಗುತ್ತಿತ್ತು. ಹಾಗೆ ಮಲಗಿದವರಲ್ಲಿ ಅನೇಕರು ಮೂಳೆ ಮುರಿತದಿಂದಲ್ಲ, ಮಲಗಿದ್ದರಿಂದ ಉಂಟಾದ ನ್ಯುಮೋನಿಯಾ, ಹಾಸಿಗೆ ಹುಣ್ಣು, ಮೂತ್ರದ ಸೋಂಕು ಹಾಗೂ ಕಾಲಿನ ರಕ್ತನಾಳದ ಹೆಪ್ಪುಗಟ್ಟುವಿಕೆಯಿಂದ ಮೃತಪಡುತ್ತಿದ್ದರು. ಇಂದು ಶಸ್ತ್ರಚಿಕಿತ್ಸೆಯ ಮುಖ್ಯ ಉದ್ದೇಶ ಮೂಳೆಯನ್ನು ಅಂದವಾಗಿ ಜೋಡಿಸುವುದಷ್ಟೇ ಅಲ್ಲ; ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವುದು. ಮೊದಲೇ ನಡೆದಾಡದೆ ಹಾಸಿಗೆ ಹಿಡಿದಿದ್ದವರಿಗೂ ನೋವಿಲ್ಲದೆ ಮಗ್ಗುಲು ಬದಲಿಸಲು, ಕೂರಲು, ಶುಚಿಗೊಳಿಸಲು ಸಾಧ್ಯವಾಗಲೆಂದು ಶಸ್ತ್ರಚಿಕಿತ್ಸೆ ಸೂಚಿಸುವುದುಂಟು. ಹೃದಯ ಅಥವಾ ಶ್ವಾಸಕೋಶದ ತೀವ್ರ ಕಾಯಿಲೆಯಿಂದ ಅರಿವಳಿಕೆಯೇ ಅಪಾಯಕರವಾಗಿರುವ ಕೆಲವರಲ್ಲಿ ಮಾತ್ರ ನೋವು ನಿವಾರಣೆ ಹಾಗೂ ಆರೈಕೆಗೆ ಸೀಮಿತಗೊಳಿಸಲಾಗುತ್ತದೆ. ಅದು ವೈದ್ಯರು ಮತ್ತು ಕುಟುಂಬದವರು ಕೂಡಿ ತೆಗೆದುಕೊಳ್ಳುವ ತೀರ್ಮಾನ.

ಸಾಧ್ಯವಾದಷ್ಟು ದಾಖಲಾದ ದಿನ ಅಥವಾ ಮರುದಿನ ಶಸ್ತ್ರಚಿಕಿತ್ಸೆ ನಡೆಯುವುದು ಒಳಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 3,000 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುರಿತ ಪತ್ತೆಯಾದ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರನ್ನು ಸುಮಾರು 24 ಗಂಟೆಗೆ ಆದವರೊಂದಿಗೆ ಹೋಲಿಸಲಾಯಿತು. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಬೇಗ ಶಸ್ತ್ರಚಿಕಿತ್ಸೆ ಆದವರಲ್ಲಿ ಬುದ್ಧಿಭ್ರಮಣೆ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು. ಆದ್ದರಿಂದ ಆಸ್ಪತ್ರೆಯು ಸಿದ್ಧತೆಗಾಗಿ ಕೆಲವು ಗಂಟೆ ತೆಗೆದುಕೊಂಡರೆ ಗಾಬರಿಪಡಬೇಕಾಗಿಲ್ಲ. ಮನೆಯಲ್ಲೇ ವಾರ ಕಳೆದು ಆಸ್ಪತ್ರೆಗೆ ಬರುವುದು ಬೇರೆಯೇ ಸಂಗತಿ.

ಯಾವ ಫಲಿತಾಂಶವನ್ನು ನಿರೀಕ್ಷಿಸಬಹುದು?

ಇಲ್ಲಿ ವಾಸ್ತವವನ್ನು ಮರೆಮಾಚದೆ ತಿಳಿಸುವುದು ಸೂಕ್ತ. ಮೇಲ್ಕಂಡ ಅಧ್ಯಯನದ ಎರಡೂ ಗುಂಪುಗಳಲ್ಲಿ 90 ದಿನಗಳೊಳಗೆ ಸುಮಾರು ಹತ್ತರಲ್ಲಿ ಒಬ್ಬರು ಮೃತಪಟ್ಟಿದ್ದರು. ಇವರೆಲ್ಲರೂ ಶಸ್ತ್ರಚಿಕಿತ್ಸೆಯ ತಪ್ಪಿನಿಂದ ಮೃತಪಟ್ಟವರೆಂದು ಭಾವಿಸತಕ್ಕದ್ದಲ್ಲ. ಸೊಂಟ ಮುರಿಯುವ ಹೊತ್ತಿಗೆ ಅನೇಕರ ದೇಹ ಮೊದಲೇ ದುರ್ಬಲವಾಗಿರುತ್ತದೆ. ಬದುಕುಳಿದವರಲ್ಲೂ ಎಲ್ಲರೂ ಮುಂಚಿನಂತೆ ನಡೆಯುವುದಿಲ್ಲ. ಮೊದಲು ಕೋಲಿಲ್ಲದೆ ನಡೆಯುತ್ತಿದ್ದವರು ಕೋಲು ಹಿಡಿಯುವುದು, ಕೋಲು ಹಿಡಿಯುತ್ತಿದ್ದವರು ವಾಕರ್ ಹಿಡಿಯುವುದು ಸಾಮಾನ್ಯ. ಎಕ್ಸ್-ರೇಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ವೈದ್ಯರು ಹೇಳಿದ ನಂತರವೂ ರೋಗಿಯು ಶೌಚಾಲಯಕ್ಕೆ ತಾನೇ ಹೋಗಿಬರಲು ಆಗದಿದ್ದರೆ ಚಿಕಿತ್ಸೆ ಇನ್ನೂ ಮುಗಿದಿಲ್ಲವೆಂದೇ ತಿಳಿಯತಕ್ಕದ್ದು. ಆ ಉಳಿದ ಭಾಗ ಮನೆಯಲ್ಲಿ ನಡೆಯಬೇಕಾದುದು.

ವಿಶೇಷ ಅಡ್ಡಿ ಇಲ್ಲದಿದ್ದಲ್ಲಿ ಶಸ್ತ್ರಚಿಕಿತ್ಸೆಯ ಮರುದಿನವೇ ರೋಗಿಯನ್ನು ಕೂರಿಸಿ, ವಾಕರ್ ಸಹಾಯದಿಂದ ನಿಲ್ಲಿಸಲಾಗುತ್ತದೆ. "ಪಾಪ, ಮಲಗಿಕೊಳ್ಳಲಿ" ಎಂಬ ಮಮತೆಯಿಂದ ಇದನ್ನು ತಡೆಯುವುದು ರೋಗಿಗೆ ಹಾನಿಕರ. ಎಷ್ಟು ಭಾರ ಹಾಕಬಹುದು ಎಂಬುದನ್ನು ಮಾತ್ರ ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಮುರಿತವಿಲ್ಲದೆ ಸವೆತದ ಕಾರಣಕ್ಕೆ ಅಳವಡಿಸಿದ ಪೂರ್ಣ ಕೃತಕ ಕೀಲುಗಳ ಪೈಕಿ ಸುಮಾರು ಶೇ. 58ರಷ್ಟು 25 ವರ್ಷ ಬಾಳಿಕೆ ಬರುತ್ತವೆ ಎಂದು 2019ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಸ್ಟೀರಾಯ್ಡ್ ಔಷಧಿಯ ಅತಿಬಳಕೆ, ಮದ್ಯಪಾನ ಅಥವಾ ಕುಡಗೋಲು ಕಣ ರಕ್ತಹೀನತೆಯಿಂದ ಚೆಂಡು ನಿರ್ಜೀವವಾದ ಯುವಕರು ಕೃತಕ ಕೀಲು ಹಾಕಿಸುವಾಗ, ಜೀವಮಾನದಲ್ಲಿ ಇನ್ನೊಮ್ಮೆ ಬದಲಿಸಬೇಕಾಗಬಹುದೆಂಬುದನ್ನು ಗಮನದಲ್ಲಿಡಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಮೊದಲು ಗುರುತಿಸಲಾದ, ವಂಶಪಾರಂಪರ್ಯವಾಗಿ ಬರುವ ಹಂದಿಗೋಡು ಕಾಯಿಲೆಯಲ್ಲೂ ಸೊಂಟದ ಕೀಲು ಚಿಕ್ಕ ವಯಸ್ಸಿನಲ್ಲೇ ಹಾಳಾಗುತ್ತದೆ.

ತೊಡಕುಗಳು ಮತ್ತು ಅವುಗಳ ಲಕ್ಷಣಗಳು

ಮೊದಲ ವಾರದಲ್ಲಿ ಕುಟುಂಬದವರನ್ನು ಹೆಚ್ಚು ಹೆದರಿಸುವುದು ಬುದ್ಧಿಭ್ರಮಣೆ. ಹಿಂದಿನ ದಿನ ಸರಿಯಾಗಿ ಮಾತನಾಡಿದ ಅಜ್ಜಿ ರಾತ್ರಿ ಮನೆಯವರನ್ನೇ ಗುರುತಿಸದೆ ಕೂಗಾಡಬಹುದು, ಸಲೈನ್ ಕೀಳಬಹುದು. ಹಿರಿಯರು ಇದನ್ನು ಸನ್ನಿ ಎನ್ನುತ್ತಿದ್ದರು. ಇದು ಹುಚ್ಚೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ನೋವು, ಸೋಂಕು, ನಿದ್ರೆಗೇಡು, ರಕ್ತದಲ್ಲಿ ಲವಣಾಂಶದ ಏರುಪೇರು, ಮಲಬದ್ಧತೆ ಮುಂತಾದವು ಇದಕ್ಕೆ ಕಾರಣ. ಪರಿಚಿತರೊಬ್ಬರು ಹತ್ತಿರವಿರುವುದು, ಕನ್ನಡಕ ಮತ್ತು ಶ್ರವಣ ಸಾಧನ ತೊಡಿಸುವುದು, ಹಗಲಿನಲ್ಲಿ ಬೆಳಕಿರುವಂತೆ ನೋಡಿಕೊಳ್ಳುವುದು ಬಹಳ ಉಪಯುಕ್ತ. ಬಹುಮಂದಿಯಲ್ಲಿ ಇದು ದಿನಗಳಲ್ಲಿ ಇಳಿಯುತ್ತದೆ. ವೈದ್ಯರಿಗೆ ತಿಳಿಸದೆ ಬಿಡತಕ್ಕದ್ದಲ್ಲ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆಯು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಇದನ್ನು ತಡೆಯಲು ನೀಡುವ ಚುಚ್ಚುಮದ್ದು ಅಥವಾ ಮಾತ್ರೆಯನ್ನು ಸಾಮಾನ್ಯವಾಗಿ ಸುಮಾರು ಒಂದು ತಿಂಗಳವರೆಗೆ ಮುಂದುವರಿಸಲಾಗುತ್ತದೆ. ಮನೆಗೆ ಬಂದೊಡನೆ ಇದನ್ನು ನಿಲ್ಲಿಸಬಾರದು. ಮೀನಖಂಡ ಊದಿಕೊಂಡು ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು, ಎದೆನೋವು ಕಂಡುಬಂದಲ್ಲಿ ತಕ್ಷಣ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು.

ಗಾಯದ ಸೋಂಕು ಹೆಚ್ಚು ಮಂದಿಗೆ ಬರುವುದಿಲ್ಲ, ಬಂದರೆ ಸುಲಭವಾಗಿ ಹೋಗುವುದಿಲ್ಲ. ಗಾಯದಿಂದ ನೀರು ಅಥವಾ ಕೀವು ಒಸರುವುದು, ಸುತ್ತ ಕೆಂಪಾಗುವುದು, ಜ್ವರ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಹೆಚ್ಚಾಗುವುದು ಇದರ ಚಿಹ್ನೆಗಳು. ಹತ್ತಿರದ ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದರಿಂದ ಒಳಗಿನ ಸೋಂಕು ಮುಚ್ಚಿಹೋಗಿ ಪತ್ತೆ ತಡವಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಮರಳಿ ತೋರಿಸುವುದು ಸೂಕ್ತ. ಮಧುಮೇಹ ಹತೋಟಿಯಲ್ಲಿಲ್ಲದವರು ಹೆಚ್ಚು ಎಚ್ಚರ ವಹಿಸಬೇಕು.

ಕೃತಕ ಚೆಂಡು ಬಟ್ಟಲಿನಿಂದ ಜಾರಿ ಹೊರಬರುವುದು ಮತ್ತೊಂದು ತೊಡಕು. ಮೊದಲ ಕೆಲವು ತಿಂಗಳುಗಳಲ್ಲಿ ಇದರ ಸಂಭವ ಹೆಚ್ಚು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು, ತಗ್ಗಾದ ಮಣೆ, ಕಾಲ ಮೇಲೆ ಕಾಲು ಹಾಕುವುದು, ಬಗ್ಗಿ ನೆಲದ ವಸ್ತು ಎತ್ತುವುದು ಇವೆಲ್ಲ ನಮ್ಮ ಮನೆಗಳಲ್ಲಿ ದಿನನಿತ್ಯದ ಅಭ್ಯಾಸಗಳು. ವೈದ್ಯರು ಅನುಮತಿಸುವವರೆಗೆ ಇವುಗಳನ್ನು ಬಿಡಬೇಕಾಗುತ್ತದೆ. ಭಾರತೀಯ ಮಾದರಿಯ ಶೌಚಾಲಯವಿರುವ ಮನೆಯವರು ರೋಗಿ ಮನೆಗೆ ಬರುವ ಮೊದಲೇ ಕಮೋಡ್ ಕುರ್ಚಿಯನ್ನು ಹೊಂದಿಸಿಕೊಳ್ಳತಕ್ಕದ್ದು. ಇದರ ವೆಚ್ಚ ಕೀಲು ಜಾರಿ ಮತ್ತೆ ಆಸ್ಪತ್ರೆ ಸೇರುವ ವೆಚ್ಚದ ಮುಂದೆ ಏನೂ ಅಲ್ಲ.

ಪ್ಲೇಟು ಅಥವಾ ರಾಡು ಹಾಕಿದವರಲ್ಲಿ ಮೂಳೆ ಮೆತ್ತಗಿದ್ದರೆ ಸ್ಕ್ರೂ ಚೆಂಡನ್ನು ಸೀಳಿಕೊಂಡು ಹೊರಬರುವುದು, ಮೂಳೆ ಕುಸಿದು ಕಾಲು ಗಿಡ್ಡವಾಗುವುದು ಉಂಟು. ಸ್ವಲ್ಪ ಗಿಡ್ಡವಾದ ಕಾಲಿಗೆ ಪಾದರಕ್ಷೆಯ ಅಟ್ಟೆ ಎತ್ತರಿಸಿದರೆ ಸಾಕಾಗುತ್ತದೆ. ಮೂಳೆ ಕೂಡಿದ ಮೇಲೆ ರಾಡು ತೆಗೆಸಲೇಬೇಕೆಂಬ ನಂಬಿಕೆ ಅನೇಕರಲ್ಲಿದೆ. ವಯಸ್ಸಾದವರಲ್ಲಿ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ತೆಗೆಯುವುದಿಲ್ಲ.

ಒಮ್ಮೆ ಮುರಿದವರಿಗೆ ಇನ್ನೊಂದು ಬದಿ ಮುರಿಯುವ ಅಪಾಯವೂ ಹೆಚ್ಚು. ಮೂಳೆ ಸವಕಳಿಗೆ ಚಿಕಿತ್ಸೆ ಪಡೆಯುವುದನ್ನು ಬಹುತೇಕರು ಮರೆಯುತ್ತಾರೆ. ಸೊಂಟದ ಮುರಿತದ ನಂತರ ವರ್ಷಕ್ಕೊಮ್ಮೆ ನೀಡುವ ಜೊಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು ಹೊಸ ಮುರಿತಗಳನ್ನು ಮಾತ್ರವಲ್ಲದೆ ಸಾವಿನ ಪ್ರಮಾಣವನ್ನೂ ತಗ್ಗಿಸಿತೆಂದು 2007ರ ಅಧ್ಯಯನವೊಂದು ತೋರಿಸಿದೆ. ಇದು ಎಲ್ಲರಿಗೂ ಹೊಂದುವುದಿಲ್ಲವಾದ್ದರಿಂದ ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಕಾಪಾಡಿಕೊಳ್ಳಬೇಕಾದ ದಾಖಲೆಗಳು

ಬಿಡುಗಡೆ ಸಾರಾಂಶ, ಶಸ್ತ್ರಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಕ್ಸ್-ರೇ, ಬಿಲ್ಲುಗಳು ಹಾಗೂ ಅಳವಡಿಸಿದ ಸಾಧನದ ಚೀಟಿ ಇವನ್ನು ಒಂದೇ ಕಡತದಲ್ಲಿ ಇಡತಕ್ಕದ್ದು. ಸಾಧನದ ಚೀಟಿಯಲ್ಲಿ ತಯಾರಕರ ಹೆಸರು, ಅಳತೆ ಮತ್ತು ಬ್ಯಾಚ್ ಸಂಖ್ಯೆ ಇರುತ್ತದೆ. ಇದನ್ನು ಬಿಡುಗಡೆಯ ದಿನವೇ ಕೇಳಿ ಪಡೆಯಬೇಕು. 2010ರಲ್ಲಿ ಡಿಪ್ಯೂ ಸಂಸ್ಥೆಯು ಎಎಸ್ಆರ್ ಎಂಬ ಕೃತಕ ಸೊಂಟದ ಕೀಲನ್ನು ವಿಶ್ವದಾದ್ಯಂತ ಹಿಂಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. ಕೇಂದ್ರ ಸರ್ಕಾರದ ತಜ್ಞರ ಸಮಿತಿ ವಿಚಾರಣೆ ನಡೆಸಿದಾಗ ಈ ರೋಗಿಗಳಲ್ಲಿ ಬಹುಪಾಲು ಜನರು ಪತ್ತೆಯಾಗಿರಲಿಲ್ಲ. 2018ರಲ್ಲಿ ಪರಿಹಾರದ ಸೂತ್ರ ಸಿದ್ಧವಾದಾಗ, ತಮ್ಮ ದೇಹದಲ್ಲಿರುವುದು ಅದೇ ಕೀಲು ಎಂದು ತೋರಿಸುವ ಕಾಗದವಿದ್ದವರ ಕೆಲಸ ಸುಲಭವಾಯಿತು.

ವೆಚ್ಚ ಹಾಗೂ ಸೌಲಭ್ಯಗಳು

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಆದ್ಯತಾ ಪಡಿತರ ಚೀಟಿ ಹೊಂದಿದ ಅರ್ಹ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ. ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಲಭ್ಯವಿರುತ್ತದೆ. ತುರ್ತು ಎಂದು ಗುರುತಿಸಿದ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಿಲ್ಲ. ಇತರ ಚಿಕಿತ್ಸೆಗಳನ್ನು ಖಾಸಗಿ ನೋಂದಾಯಿತ ಆಸ್ಪತ್ರೆಯಲ್ಲಿ ಪಡೆಯಲು ಬೇಕಾಗುತ್ತದೆ. ರೋಗಿಯ ಚಿಕಿತ್ಸೆ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ದಾಖಲಾಗುವ ದಿನವೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸತಕ್ಕದ್ದು. ಮೊದಲು ಹಣ ಕಟ್ಟಿ ಆಮೇಲೆ ಯೋಜನೆಯನ್ನು ಕೇಳುವವರು ತೊಂದರೆಗೆ ಸಿಲುಕುತ್ತಾರೆ.

ಮುರಿತವು ರಸ್ತೆ ಅಪಘಾತದಿಂದ ಆಗಿದ್ದಲ್ಲಿ, 2025ರಲ್ಲಿ ಅಧಿಸೂಚಿತವಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಂತೆ ನಿಯೋಜಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂ. ಮಿತಿಯ ಚಿಕಿತ್ಸೆಗೆ ಅವಕಾಶವಿದೆ.

ಅಂಗವಿಕಲತೆಯ ಪ್ರಮಾಣಪತ್ರದ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚಾಗಿದೆ. ಸೊಂಟಕ್ಕೆ ರಾಡು ಹಾಕಿದ ಮಾತ್ರಕ್ಕೆ ಅಥವಾ ಕೀಲು ಬದಲಿಸಿದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯುವುದಿಲ್ಲ. ಕೀಲಿನ ಚಲನೆ, ಸ್ನಾಯುಬಲ, ಕಾಲಿನ ಉದ್ದದ ವ್ಯತ್ಯಾಸ ಮುಂತಾದವನ್ನು ಅಳೆದು ಶಾಶ್ವತ ನ್ಯೂನತೆಯ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರ ನಿರ್ಧರಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ ಶೇ. 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆ ಇದ್ದವರು ಮೀಸಲಿರಿಸಿದ ಸೌಲಭ್ಯಗಳಿಗೆ ಅರ್ಹರು. ಚಿಕಿತ್ಸೆ ಮತ್ತು ವ್ಯಾಯಾಮ ಮುಗಿದು ಸ್ಥಿತಿ ಸ್ಥಿರಗೊಳ್ಳುವ ಮೊದಲು ಅರ್ಜಿ ಸಲ್ಲಿಸಿದರೆ ಮತ್ತೊಮ್ಮೆ ಬರುವಂತೆ ಸೂಚಿಸಲಾಗುತ್ತದೆ. ಅಷ್ಟು ದೂರ ಬಾಡಿಗೆ ವಾಹನದಲ್ಲಿ ವೃದ್ಧರನ್ನು ಕರೆತಂದ ಶ್ರಮ ವ್ಯರ್ಥವಾಗುತ್ತದೆ. ಅರ್ಜಿಯನ್ನು ಯುಡಿಐಡಿ ಜಾಲತಾಣದ ಮೂಲಕ ಸಲ್ಲಿಸಬೇಕು. ಭಾವಚಿತ್ರ, ಗುರುತು ಹಾಗೂ ವಿಳಾಸದ ದಾಖಲೆಗಳ ಪ್ರತಿ ಅಗತ್ಯ; ತಪಾಸಣೆಯ ದಿನ ಬಿಡುಗಡೆ ಸಾರಾಂಶ ಮತ್ತು ಇತ್ತೀಚಿನ ಎಕ್ಸ್-ರೇಯನ್ನು ತಪ್ಪದೆ ಒಯ್ಯತಕ್ಕದ್ದು. ಅರ್ಜಿ ತುಂಬಲು ತಿಳಿಯದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದಾಗಿದೆ.