ಬೂತಾಯಿ ಮೀನು ಮತ್ತು ಹತ್ತು ಸೆಂಟಿಮೀಟರಿನ ನಿಯಮ

ತುಳು, ಕನ್ನಡದವರಿಗೆ ಬೂತಾಯಿ, ಮಲಯಾಳದಲ್ಲಿ ಮತ್ತಿ, ಕೊಂಕಣಿಯಲ್ಲಿ ತಾರ್ಲೆ. ಮಂಜೇಶ್ವರದಿಂದ ತೃಕ್ಕರಿಪುರದ ತನಕ ಬಡವರ ಮನೆಯ ಸಾರಿಗೆ ಆಧಾರವಾಗಿರುವ ಈ ಮೀನಿನ ಶಾಸ್ತ್ರೀಯ ನಾಮ ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಇದರ ಆಯುಷ್ಯ ಸುಮಾರು ಎರಡೂವರೆ ವರ್ಷ. ಸಾಮಾನ್ಯವಾಗಿ 15 ಸೆಂಟಿಮೀಟರ್ ಆಸುಪಾಸಿಗೆ ಬೆಳೆದ ಮೇಲೆ ಮೊಟ್ಟೆ ಇಡುತ್ತದೆ. ಮುಂಗಾರಿನ ಹೊತ್ತಿಗೆ ಆಳದ ತಣ್ಣನೆಯ, ಸತ್ವಯುತ ನೀರು ಮೇಲಕ್ಕೆ ಬರುತ್ತದೆ. ಆಗ ಹುಟ್ಟುವ ಸೂಕ್ಷ್ಮ ಸಸ್ಯಗಳೇ ಇದರ ಆಹಾರ. ಮಳೆ, ಗಾಳಿ, ನೀರಿನ ಉಷ್ಣತೆಯಲ್ಲಿ ಸ್ವಲ್ಪ ಏರುಪೇರಾದರೂ ಬೂತಾಯಿಯ ಲೆಕ್ಕ ತಪ್ಪುವುದು ಇದರಿಂದಾಗಿ.

ಬೂತಾಯಿಯ ಅಭ್ಯಾಸ ಇಂದು ನಿನ್ನೆಯದಲ್ಲ. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲೇ ಇಲ್ಲಿನ ಕರಾವಳಿಯಲ್ಲಿ ಮೀನೆಣ್ಣೆ ತೆಗೆಯುವ ಘಟಕಗಳಿದ್ದವು. ಎಣ್ಣೆ ತೆಗೆದು ಉಳಿದದ್ದು ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಹೆಚ್ಚು ಸಿಕ್ಕಿದ ವರ್ಷ ತೆಂಗಿನ ಬುಡಕ್ಕೂ ಬೂತಾಯಿಯೇ. ಇನ್ನು ಕೆಲವು ವರ್ಷ ಮೀನೇ ಇಲ್ಲ. ಮದರಾಸು ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಈ ಮೀನಿನ ಜೀವನಕ್ರಮದ ಕುರಿತ ವರದಿಯನ್ನು 1924ರಲ್ಲಿ ಪ್ರಕಟಿಸಿದರು. ಮೀನು ತೀರಾ ಕಡಿಮೆಯಾದಾಗ, 1943ರಲ್ಲಿ ಮದರಾಸು ಸರಕಾರವು ಮಲಬಾರ್ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮರಿಮೀನು ಮತ್ತು ಮೊಟ್ಟೆಮೀನು ಹಿಡಿಯುವುದನ್ನು ತಡೆಯಲು ಕೆಲವು ಬಲೆಗಳ ಮೇಲೆ ನಿರ್ಬಂಧ ಹೇರಿತು. ಈ ನಿರ್ಬಂಧ ಕೆಲವೇ ವರ್ಷ ಬಾಳಿತು. ಆದರೆ ತಲಪಾಡಿಯ ಎರಡೂ ಬದಿಗೆ ಆಗ ಒಂದೇ ಕಾನೂನು ಇತ್ತೆಂಬುದು ಗಮನಾರ್ಹ.

1956ರ ನವೆಂಬರ್ 1ರ ನಂತರ ಕಡಲತೀರವೂ ಎರಡಾಯಿತು. ಕೇರಳದ ಸಾಗರ ಮೀನುಗಾರಿಕಾ ನಿಯಂತ್ರಣ ಕಾಯ್ದೆ 1980ರದ್ದು, ಕರ್ನಾಟಕದ್ದು 1986ರದ್ದು. ತೀರದಿಂದ 12 ನಾಟಿಕಲ್ ಮೈಲಿನವರೆಗೆ ಆಯಾ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಮಳೆಗಾಲದ ನಿಷೇಧವೂ ಒಂದೇ ರೀತಿ ಇಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ, ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ. ಕೇರಳದಲ್ಲಿ ಇದು ಟ್ರಾಲ್ ಬೋಟುಗಳಿಗೆ ಮಾತ್ರ. ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. ಆದರೆ ಸಾಂಪ್ರದಾಯಿಕ ಎಂದು ಕರೆಯಲ್ಪಡುವ ದೋಣಿಗಳಲ್ಲಿ ದೊಡ್ಡ ಎಂಜಿನ್ ಕೂರಿಸಿ ರಿಂಗ್ ಬಲೆ ಬೀಸುವವೂ ಸೇರಿವೆ. ಬೂತಾಯಿ ಮೊಟ್ಟೆ ಇಡುವ ತಿಂಗಳುಗಳಲ್ಲೇ ಅದನ್ನು ಹೆಚ್ಚಾಗಿ ಹಿಡಿಯುವುದು ಇಂತಹ ಬಲೆಗಳು. ಹೊಟ್ಟೆಪಾಡಿನ ಪ್ರಶ್ನೆಯಾದ್ದರಿಂದ ಇದನ್ನು ಹೇಳಲು ಯಾರೂ ಮುಂದೆ ಬರುವುದಿಲ್ಲ.

ಕಡಲಲ್ಲಿ ಎಷ್ಟು ಮೀನಿದೆ ಎಂದು ಇಳಿದು ಎಣಿಸಲು ಬರುವುದಿಲ್ಲ. 1947ರ ಫೆಬ್ರವರಿ 3ರಂದು ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು (ಸಿಎಂಎಫ್‌ಆರ್‌ಐ) ಮೀನು ಇಳಿಸುವ ತಾಣಗಳಲ್ಲಿ ಆಯ್ದ ದಿನ, ಆಯ್ದ ದೋಣಿಗಳ ಮೀನನ್ನು ಲೆಕ್ಕ ಹಾಕಿ ಒಟ್ಟು ಪ್ರಮಾಣವನ್ನು ಅಂದಾಜು ಮಾಡುತ್ತದೆ. ಇದರ ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ, ಮಂಗಳೂರಿನಲ್ಲೂ ಕೇಂದ್ರವಿದೆ. ಈ ಲೆಕ್ಕದ ಪ್ರಕಾರ 2012ರಲ್ಲಿ ಕೇರಳದಲ್ಲಿ ಸಿಕ್ಕಿದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಕೇವಲ 3,297 ಟನ್. ಆ ವರ್ಷ ಮೀನಿನ ಬುಟ್ಟಿಯಲ್ಲಿ ಬೂತಾಯಿ ಕಾಣದೆ ಗೃಹಿಣಿಯರು ಬೇರೆ ಮೀನು ಕೊಂಡದ್ದು ನಮಗೆಲ್ಲ ನೆನಪಿದೆ. ನಂತರ ಚೇತರಿಕೆ ಕಂಡು 2023ರಲ್ಲಿ 1.38 ಲಕ್ಷ ಟನ್ನಿಗೆ ಏರಿತು.

ಈ ಕುಸಿತಕ್ಕೆ ಎಲ್ ನಿನೋ ಪರಿಣಾಮವನ್ನು ವಿಜ್ಞಾನಿಗಳು ಮುಖ್ಯ ಕಾರಣವಾಗಿ ಹೇಳಿದ್ದಾರೆ. ಮಿತಿಮೀರಿ ಹಿಡಿದದ್ದೂ ಸೇರಿಕೊಂಡಿತು. 2024ರಲ್ಲಿ ಇನ್ನೊಂದು ವಿಚಿತ್ರ: ಮೀನು ಹೇರಳ, ಗಾತ್ರ ಮಾತ್ರ ಚಿಕ್ಕದು. ಒಳ್ಳೆಯ ಮಳೆಯಿಂದ ಮರಿಗಳು ವಿಪರೀತ ಹುಟ್ಟಿ, ಇರುವ ಆಹಾರಕ್ಕೆ ಪೈಪೋಟಿಯಾಗಿ ಬೆಳವಣಿಗೆ ಕುಂಠಿತವಾಯಿತೆಂದು ಸಿಎಂಎಫ್‌ಆರ್‌ಐ ವಿವರಿಸಿದೆ. ಎಲ್ ನಿನೋವನ್ನು ನಾವು ತಡೆಯಲಾರೆವು, ಮಳೆಯನ್ನು ತರಿಸಲಾರೆವು. ನಮ್ಮ ಕೈಯಲ್ಲಿರುವುದು ಮರಿಮೀನನ್ನು ಬಿಡುವುದೊಂದೇ.

ಅದಕ್ಕಾಗಿಯೇ ಕೇರಳ ಸರಕಾರ ಸಿಎಂಎಫ್‌ಆರ್‌ಐ ಶಿಫಾರಸಿನಂತೆ ಮೀನು ಹಿಡಿಯಲು ಕನಿಷ್ಠ ಗಾತ್ರ ನಿಗದಿಪಡಿಸಿತು. 2015ರಲ್ಲಿ 14 ಜಾತಿಗಳಿಗೆ ಅನ್ವಯಿಸಿದ್ದು, ಬಳಿಕ 58ಕ್ಕೆ ವಿಸ್ತರಣೆಯಾಯಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಇದಕ್ಕಿಂತ ಚಿಕ್ಕದನ್ನು ಹಿಡಿದು ತಂದರೆ ದಂಡ ತೆರಬೇಕಾಗುತ್ತದೆ. ಆದರೆ ಊಟಕ್ಕೆ ಬಾರದ ಮರಿಮೀನಿಗೂ ಬೆಲೆ ಇದೆ. ಗಡಿಯಾಚೆ ಉಳ್ಳಾಲ, ಮಂಗಳೂರು ಕಡೆಯ ಫಿಶ್ ಮೀಲ್ ಕಾರ್ಖಾನೆಗಳಿಗೆ ಬೇಕಾದದ್ದು ಮೀನಿನ ತೂಕ, ಉದ್ದವಲ್ಲ. ತಲಪಾಡಿ ದಾಟಿದ ಲಾರಿಗೆ ಕೇರಳದ ಅಳತೆಪಟ್ಟಿ ತಾಗುವುದಿಲ್ಲ. ಮಂಜೇಶ್ವರದ ಕಡಲಲ್ಲಿ ಹುಟ್ಟಿದ ಮರಿ ಉಳ್ಳಾಲದ ಬಲೆಗೂ, ಅಲ್ಲಿಯದು ಇಲ್ಲಿಗೂ ಬೀಳುತ್ತದೆ. ಆದ್ದರಿಂದ ಎರಡೂ ರಾಜ್ಯಗಳಿಗೆ ಒಂದೇ ಅಳತೆ, ಒಂದೇ ನಿಷೇಧದ ಅವಧಿ ಇರಬೇಕಾದುದು ನ್ಯಾಯ. 1943ರಲ್ಲಿ ಇದ್ದದ್ದು ಈಗ ಏಕೆ ಆಗಬಾರದು?

ಕೊಳ್ಳುವವರೂ ಅಳೆದು ನೋಡಬಹುದು. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಲೆಕ್ಕ. ಶಾಲೆಯ ಮಕ್ಕಳ ಅಡಿಪಟ್ಟಿಯ ಮೂರನೇ ಒಂದು ಭಾಗಕ್ಕೆ ಬಂದರೆ ಸಾಕು.