ತರಗತಿಗೆ ಬಂದ ಯಂತ್ರಗಳು: ಐವತ್ತು ವರ್ಷಗಳ ಹಿನ್ನೋಟ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದ ಸಮಿತಿಯ ಹಿರಿಯರು, “ರೋಬೋಟ್ ಬಂದರೆ ಮಾಸ್ತರರ ಗತಿ ಏನು ಅಂತ ಬರಿ. ನೀನು ಅದೇ ಕಸುಬಿನವ” ಎಂದರು. ಯಾಣದ ಕಾಡಿನ ಅಂಚಿನಿಂದ ಹೋಗಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆದು ಬದುಕುತ್ತಿರುವ ನನಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಉತ್ತರಕ್ಕಾಗಿ ಮೊದಲು ಹಿಂದಕ್ಕೆ ನೋಡಿದೆ.

ಯಂತ್ರ ಪಾಠ ಹೇಳಲು ಬಂದದ್ದು ಇದೇ ಮೊದಲಲ್ಲ. 1975ರ ಆಗಸ್ಟ್ 1ರಂದು ಅಮೆರಿಕದ ಉಪಗ್ರಹವೊಂದರ ನೆರವಿನಿಂದ ‘ಸೈಟ್’ ಎಂಬ ದೂರದರ್ಶನ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ರಜೆಯಲ್ಲಿ ಶಿಕ್ಷಕರಿಗೆ ತರಬೇತಿ. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು. ಪಾಠ ಮುಂದುವರಿಸಿದವರು ಶಿಕ್ಷಕರೇ.

2004ರ ಸೆಪ್ಟೆಂಬರಿನಲ್ಲಿ ಇಸ್ರೋ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬಂದವು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ದೂರದರ್ಶನ ಚಂದನದಲ್ಲಿ ಪಾಠಗಳು ಪ್ರಸಾರವಾದವು. ಆದರೂ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಬೇಕಾಯಿತು. ನಮ್ಮ ಕಡೆ ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ರೋಬೋಟ್‌ಗಳ ಸರದಿ. 2019ರಲ್ಲಿ ಬೆಂಗಳೂರಿನ ಇಂಡಸ್ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ‘ಈಗಲ್’ ಎಂಬ ರೋಬೋಟ್‌ಗಳು ಶಿಕ್ಷಕರ ಜೊತೆ ನಿಂತು ಪಾಠ ಹೇಳಿದವು. ನಮಗೆ ಹತ್ತಿರದ ಕಥೆ ಘಟ್ಟದ ಮೇಲಿನ ಶಿರಸಿಯದು. ಅಲ್ಲಿನ ಕಾಲೇಜು ಉಪನ್ಯಾಸಕ ಅಕ್ಷಯ್ ಮಾಶೇಲ್ಕರ್ ‘ಶಿಕ್ಷಾ’ ಎಂಬ ರೋಬೋಟ್ ತಯಾರಿಸಿದರು. 2022ರಲ್ಲಿ ಅದು ಸುದ್ದಿಯಾಯಿತು. ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಪದ್ಯ, ಮಗ್ಗಿ ಹೇಳಿಕೊಡಲಿ ಎಂಬುದು ಅವರ ಉದ್ದೇಶ. ಆ ಯಂತ್ರವನ್ನು ಕಟ್ಟಿದವರೂ ಪಾಠ ಹೇಳುವವರೇ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಮಕ್ಕಳಿಗೆ ಏನು ಬೇಕೆಂದು ಬಲ್ಲವರು ಮಾಡಿದ ಯಂತ್ರಕ್ಕೂ ಮಾರಾಟಕ್ಕೆಂದೇ ಮಾಡಿದ ಯಂತ್ರಕ್ಕೂ ವ್ಯತ್ಯಾಸವಿದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೃತಕ ಬುದ್ಧಿಮತ್ತೆ ಎಲ್ಲರ ಮೊಬೈಲಿಗೂ ಬಂತು. ಕಳೆದ ರಜೆಯಲ್ಲಿ ಊರಿಗೆ ಬಂದಾಗ ಅಂಥದೊಂದು ಆ್ಯಪನ್ನು ನಮ್ಮ ಅಕ್ಕೋರಿಗೆ ತೋರಿಸಿದೆ. ಹತ್ತನೇ ತರಗತಿಯ ಪಾಠವೊಂದಕ್ಕೆ ಅದು ಅರೆ ನಿಮಿಷದಲ್ಲಿ ಇಪ್ಪತ್ತು ಪ್ರಶ್ನೆ ಬರೆಯಿತು. ಅಕ್ಕೋರು ಮೆಚ್ಚಿದರು. ಐದನ್ನು ಹೊಡೆದುಹಾಕಿದರು. ಆಮೇಲೆ ನಾನು, “ನಮ್ಮ ಅಕ್ಕೋರು ಇವತ್ತು ಶಾಲೆಗೆ ಬರಲಿಲ್ಲ” ಎಂಬ ವಾಕ್ಯ ಕೊಟ್ಟು ಇಂಗ್ಲಿಷಿಗೆ ತಿರುಗಿಸಲು ಹೇಳಿದೆ. ‘ನಮ್ಮ ಅಕ್ಕ ಶಾಲೆಗೆ ಬರಲಿಲ್ಲ’ ಎಂಬರ್ಥದ ಇಂಗ್ಲಿಷ್ ಬಂತು. ಇಬ್ಬರೂ ನಕ್ಕೆವು. “ಪ್ರಶ್ನೆಪತ್ರಿಕೆ ಮಾಡಲಿ, ಮಾಹಿತಿ ತುಂಬುವ ಕೆಲಸವನ್ನೂ ಮಾಡಲಿ. ನನಗೆ ಮಕ್ಕಳ ಹತ್ತಿರ ಕೂರಲು ಹೊತ್ತು ಸಿಗುತ್ತದೆ” ಎಂದರು.

ಆಗ ನನಗೆ ಒಂಬತ್ತನೇ ತರಗತಿಯ ಗಣಿತ ನೆನಪಾಯಿತು. ನನ್ನ ಲೆಕ್ಕಗಳೆಲ್ಲ ತಪ್ಪಾಗುತ್ತಿದ್ದವು. ಮಾಸ್ತರರು ಒಂದು ದಿನ ಪಟ್ಟಿ ನೋಡಿ, ಬಿಡಿಸುವ ಕ್ರಮ ಸರಿಯಿದೆ, ಬೋರ್ಡಿನ 3 ಮಾತ್ರ 8 ಆಗಿದೆ ಎಂದು ಗುರುತಿಸಿದರು. ಮೊದಲ ಬೆಂಚಿಗೆ ಕೂರಿಸಿದರು. ಸಂಜೆ ಮಳೆಯಲ್ಲೇ ನಮ್ಮ ಮನೆಗೆ ನಡೆದು ಬಂದು, “ಹುಡುಗ ದಡ್ಡನಲ್ಲ, ಕಣ್ಣು ತೋರಿಸಿ” ಎಂದು ಅಪ್ಪನಿಗೆ ಹೇಳಿದರು. ಅಪ್ಪ ಕುಮಟಾಕ್ಕೆ ಕರೆದೊಯ್ದು ಕನ್ನಡಕ ಕೊಡಿಸಿದರು. ಆ ಕನ್ನಡಕದಿಂದಲೇ ನಾನು ಬಿಇ ಓದಿದೆ. 3 ಮತ್ತು 8ರ ತಪ್ಪನ್ನು ಇಂದಿನ ಯಂತ್ರವೂ ಹಿಡಿದೀತು. ಆದರೆ ಉಂಬಳ ಕಿತ್ತುಹಾಕುತ್ತ ಮನೆಯವರೆಗೆ ಬಂದು, ದುಡ್ಡಿಲ್ಲ ಎನ್ನುವ ಅಪ್ಪನನ್ನು ಒಪ್ಪಿಸುವ ಕೆಲಸ ಯಾರು ಮಾಡಬೇಕು?

ನನ್ನ ಭಯ ರೋಬೋಟಿನದಲ್ಲ. “ಯಂತ್ರ ಇದೆಯಲ್ಲ” ಎಂದು ಶಿಕ್ಷಕರ ಹುದ್ದೆಯನ್ನು ಖಾಲಿ ಬಿಡುವ ದಿನ ಬಂದೀತು ಎಂಬುದೇ ನನ್ನ ಭಯ. ಹಾಗಾದರೆ ಮೊದಲು ಕಳೆದುಕೊಳ್ಳುವವರು ನಮ್ಮಂಥ ಕಾಡಿನೂರಿನ ಮಕ್ಕಳು. ನಮ್ಮ ಬ್ಯಾಚಿನವರು ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡುವ ಮಾತಾಡುತ್ತಿದ್ದೇವೆ. ಕೊಡೋಣ, ನಾನೂ ನನ್ನ ಪಾಲು ಹಾಕುತ್ತೇನೆ. ಆದರೆ ಏನು ಬೇಕೆಂದು ಮೊದಲು ಶಿಕ್ಷಕರನ್ನು ಕೇಳೋಣ. ಮುಂದೆ ಎಂದಾದರೂ ಹುದ್ದೆ ಖಾಲಿಯಾದರೆ, ಭರ್ತಿ ಮಾಡಿ ಎಂಬ ಮನವಿಗೆ ಹಳೆಯ ವಿದ್ಯಾರ್ಥಿಗಳೂ ಊರವರೂ ಒಟ್ಟಿಗೆ ಸಹಿ ಹಾಕೋಣ.