ಗ್ರಾಮಗಳಲ್ಲಿ ಸಂಶೋಧನೆ: ವಿಶ್ವವಿದ್ಯಾಲಯಗಳು ಮತ್ತು ಸಮುದಾಯಗಳ ನ್ಯಾಯಸಮ್ಮತ ಸಹಭಾಗಿತ್ವ

ಪೀಠಿಕೆ

ವಿಶ್ವವಿದ್ಯಾಲಯಗಳು ಹಾಗೂ ಸಂಶೋಧನಾ ಸಂಸ್ಥೆಗಳು ಔಷಧೀಯ ಸಸ್ಯಗಳು, ದೇಶೀ ಬಿತ್ತನೆ ತಳಿಗಳು, ಕಿರು ಅರಣ್ಯ ಉತ್ಪನ್ನ, ಸಾರ್ವಜನಿಕ ಆರೋಗ್ಯ ಮುಂತಾದ ವಿಷಯಗಳ ಕುರಿತು ಗ್ರಾಮ, ಹಾಡಿ ಮತ್ತು ಪೋಡುಗಳಲ್ಲಿ ಅಧ್ಯಯನ ಕೈಗೊಳ್ಳುತ್ತವೆ. ನಾಟಿ ವೈದ್ಯರು, ರೈತ ಮಹಿಳೆಯರು ಹಾಗೂ ಅರಣ್ಯವಾಸಿಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ತಿಳಿವಳಿಕೆಯೇ ಇಂತಹ ಅನೇಕ ಅಧ್ಯಯನಗಳಿಗೆ ಮೂಲಾಧಾರವಾಗಿರುತ್ತದೆ. ಸಂಶೋಧನೆಯಿಂದ ಪ್ರಬಂಧ, ಪದವಿ ಅಥವಾ ಮಾರುಕಟ್ಟೆಯ ಉತ್ಪನ್ನ ದೊರೆತ ನಂತರವೂ ಮಾಹಿತಿ ನೀಡಿದವರ ಹೆಸರು ಎಲ್ಲಿಯೂ ಕಾಣದಿರುವ ಸಂಭವವಿದೆ. ಇದನ್ನು ತಪ್ಪಿಸಲು ಸಮುದಾಯಕ್ಕೆ ಲಭ್ಯವಿರುವ ಹಕ್ಕುಗಳು ಮತ್ತು ಅನುಸರಿಸಬಹುದಾದ ಕ್ರಮಗಳನ್ನು ಕೆಳಗೆ ವಿವರಿಸಲಾಗಿದೆ.

ಕಾಣಿ ಸಮುದಾಯದ ಅನುಭವ

1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟಗಳಲ್ಲಿ ಸಸ್ಯ ಸಮೀಕ್ಷೆ ನಡೆಸುತ್ತಿದ್ದ ವಿಜ್ಞಾನಿಗಳಿಗೆ ಕಾಣಿ ಬುಡಕಟ್ಟಿನವರು ದಾರಿ ತೋರುತ್ತಿದ್ದರು. ಸಣ್ಣ ಕಾಯಿಯೊಂದನ್ನು ತಿನ್ನುತ್ತಾ ಅವರು ದಣಿವಿಲ್ಲದೆ ನಡೆಯುತ್ತಿದ್ದುದನ್ನು ವಿಜ್ಞಾನಿಗಳು ಗಮನಿಸಿದರು. ಆ ಸಸ್ಯವೇ ಆರೋಗ್ಯಪಚ್ಚೆ. ಅದನ್ನು ಆಧರಿಸಿ ತಿರುವನಂತಪುರ ಜಿಲ್ಲೆಯ ಪಾಲೋಡ್‌ನಲ್ಲಿರುವ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆಯು 'ಜೀವನಿ' ಎಂಬ ಔಷಧವನ್ನು ಸಿದ್ಧಪಡಿಸಿತು. ಅದರ ತಯಾರಿಕೆಯ ಪರವಾನಗಿಯನ್ನು ಕೊಯಮತ್ತೂರಿನ ಔಷಧ ಸಂಸ್ಥೆಯೊಂದಕ್ಕೆ 10 ಲಕ್ಷ ರೂಪಾಯಿ ಶುಲ್ಕ ಮತ್ತು ಶೇಕಡಾ 2ರಷ್ಟು ಗೌರವಧನದ ಷರತ್ತಿನ ಮೇಲೆ ನೀಡಲಾಯಿತು. ಈ ಮೊತ್ತದ ಅರ್ಧಭಾಗವನ್ನು ಕಾಣಿ ಸಮುದಾಯಕ್ಕೆ ನೀಡಲು ಸಂಶೋಧನಾ ಸಂಸ್ಥೆಯು ತೀರ್ಮಾನಿಸಿತು. ಹಣ ಸ್ವೀಕರಿಸಲು 1997ರಲ್ಲಿ ಸಮುದಾಯದ ಕ್ಷೇಮ ಟ್ರಸ್ಟ್ ನೋಂದಣಿಯಾಯಿತು.

ಇಂತಹ ಹಂಚಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಆಗ ದೇಶದಲ್ಲಿ ಇರಲಿಲ್ಲ. ಆದುದರಿಂದ ಈ ಕ್ರಮವು ವಿಶ್ವದ ಗಮನ ಸೆಳೆಯಿತು. ಆದರೆ ಮಾಹಿತಿ ಪಡೆದ ವರ್ಷಕ್ಕೂ ಟ್ರಸ್ಟ್ ರಚನೆಯಾದ ವರ್ಷಕ್ಕೂ ನಡುವೆ 10 ವರ್ಷಗಳ ಅಂತರವಿತ್ತು. ಕಾಣಿ ಜನರು ಹಲವು ನೆಲೆಗಳಲ್ಲಿ ಚದುರಿ ವಾಸಿಸುತ್ತಿದ್ದು, ಆರಂಭದಲ್ಲಿ ಎಲ್ಲರೊಡನೆ ಸಮಾಲೋಚನೆ ನಡೆಯಲಿಲ್ಲ. ತಮ್ಮನ್ನು ಕೇಳಲಿಲ್ಲವೆಂಬ ಅಸಮಾಧಾನ ಅನೇಕರಲ್ಲಿ ಉಳಿಯಿತು. ಅರಣ್ಯದಿಂದ ಎಲೆ ಸಂಗ್ರಹಿಸಲು ಅನುಮತಿ ದೊರೆಯುವಲ್ಲಿಯೂ ತೊಡಕುಗಳು ಉಂಟಾದವು. ಸದುದ್ದೇಶ ಮಾತ್ರ ಸಾಲದು. ಯಾರೊಡನೆ ಮಾತನಾಡಬೇಕು, ಏನನ್ನು ಹಂಚಿಕೊಳ್ಳಬೇಕು, ಯಾರ ಅನುಮತಿ ಬೇಕು ಎಂಬುದು ಸಂಗ್ರಹಣೆಗೆ ಮೊದಲೇ ನಿರ್ಧಾರವಾಗಬೇಕು ಎಂಬುದನ್ನು ಈ ಪ್ರಕರಣವು ತೋರಿಸುತ್ತದೆ.

ಬಿಳಿಗಿರಿರಂಗನಬೆಟ್ಟದ ಸೋಲಿಗರು

ನಮ್ಮ ರಾಜ್ಯದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದಲ್ಲಿ ಸೋಲಿಗ ಸಮುದಾಯದವರು ನೆಲ್ಲಿಕಾಯಿ, ಜೇನು ಮುಂತಾದವುಗಳನ್ನು ಸಂಗ್ರಹಿಸುತ್ತಾ ಬಂದಿದ್ದಾರೆ. ನೆಲ್ಲಿ ಮರಗಳ ಸ್ಥಿತಿಗತಿಯ ಕುರಿತ ಅಧ್ಯಯನಗಳಲ್ಲಿ ಅವರೂ ಭಾಗವಹಿಸಿದರು. ಹಿಂದೆ ಹಾಕಲಾಗುತ್ತಿದ್ದ 'ತರಗು ಬೆಂಕಿ' ನಿಂತ ಬಳಿಕ ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ಅಭಿಪ್ರಾಯವಾಗಿತ್ತು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ತಿಳಿವಳಿಕೆಯನ್ನು ಕ್ಷೇತ್ರದ ಅಂಕಿಅಂಶಗಳೊಡನೆ ಇಟ್ಟು ಪರಿಶೀಲಿಸಲಾಯಿತು. ಕಾಯಿ ಕೊಯ್ಲಿನ ಪ್ರಮಾಣವನ್ನಷ್ಟೇ ಅಳೆದಿದ್ದರೆ ಬಂದಳಿಕೆಯ ಪ್ರಶ್ನೆಯು ಹಿಂದೆ ಉಳಿಯುವ ಸಾಧ್ಯತೆಯಿತ್ತು. ಸಮುದಾಯದವರು ಉತ್ತರ ನೀಡುವವರಾಗಿ ಮಾತ್ರವಲ್ಲದೆ ಪ್ರಶ್ನೆಯನ್ನು ರೂಪಿಸುವವರಾಗಿಯೂ ಪಾಲ್ಗೊಂಡಾಗ ಸಂಶೋಧನೆಯ ಗುಣಮಟ್ಟವೂ ಹೆಚ್ಚುತ್ತದೆ.

ಕಾನೂನಿನ ಅವಕಾಶಗಳು

1. ಜೀವವೈವಿಧ್ಯ ಅಧಿನಿಯಮ, 2002: ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಲು ಈ ಅಧಿನಿಯಮದ 41ನೇ ಪ್ರಕರಣವು ಅವಕಾಶ ಕಲ್ಪಿಸಿದೆ. ಸ್ಥಳೀಯ ಸಂಪನ್ಮೂಲ ಹಾಗೂ ತಿಳಿವಳಿಕೆಯನ್ನು 'ಜನತಾ ಜೀವವೈವಿಧ್ಯ ದಾಖಲಾತಿ'ಯಲ್ಲಿ ನಮೂದಿಸುವುದು ಸಮಿತಿಯ ಮುಖ್ಯ ಕಾರ್ಯವಾಗಿದೆ. ವಾಣಿಜ್ಯ ಉದ್ದೇಶದ ಸಂಗ್ರಹಣೆಗೆ ಸಮಿತಿಯು ಶುಲ್ಕ ವಿಧಿಸಬಹುದು. ವಿದೇಶಿ ವ್ಯಕ್ತಿ ಮತ್ತು ಸಂಸ್ಥೆಗಳು ಸಂಶೋಧನೆಗೂ ಸಹ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮೋದನೆ ಪಡೆಯತಕ್ಕದ್ದು. ಸದರಿ ಅಧಿನಿಯಮಕ್ಕೆ 2023ರಲ್ಲಿ ತಿದ್ದುಪಡಿ ತರಲಾಗಿದ್ದು, ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

2. ಅರಣ್ಯ ಹಕ್ಕುಗಳ ಅಧಿನಿಯಮ, 2006: ಜೀವವೈವಿಧ್ಯಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನ ಹಾಗೂ ಬೌದ್ಧಿಕ ಸ್ವತ್ತಿನ ಮೇಲೆ ಅರಣ್ಯವಾಸಿಗಳಿಗೆ ಸಾಮುದಾಯಿಕ ಹಕ್ಕನ್ನು ಇದು ಮಾನ್ಯ ಮಾಡುತ್ತದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳನ್ನು 2011ರಲ್ಲಿ ಮಾನ್ಯ ಮಾಡಲಾಯಿತು.

3. ಆರೋಗ್ಯ ಸಂಶೋಧನೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಅನುಮೋದನೆ ಅಗತ್ಯ. ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿ ವಿವರ ನೀಡಿ ಸಮ್ಮತಿ ಪಡೆಯತಕ್ಕದ್ದು. ಸಮುದಾಯದ ಮುಖಂಡರು ಒಪ್ಪಿದ ಮಾತ್ರಕ್ಕೆ ವ್ಯಕ್ತಿಯ ಸಮ್ಮತಿ ದೊರೆತಂತಾಗುವುದಿಲ್ಲ. ಯಾರೇ ಆಗಲಿ ಯಾವ ಹಂತದಲ್ಲಿಯೂ ಹಿಂದೆ ಸರಿಯಬಹುದು.

ಗಮನಿಸಬೇಕಾದ ಅಂಶ

ಭಾರತೀಯ ವಿಶ್ವವಿದ್ಯಾಲಯವೊಂದು ಕೇವಲ ಶೈಕ್ಷಣಿಕ ಉದ್ದೇಶದಿಂದ ನಡೆಸುವ ಅಧ್ಯಯನಕ್ಕೆ ಜೀವವೈವಿಧ್ಯ ಅಧಿನಿಯಮದನ್ವಯ ಪ್ರಾಧಿಕಾರದ ಪೂರ್ವಾನುಮೋದನೆ ಬೇಕಾಗುವುದಿಲ್ಲ. ಇಂದು ಶೈಕ್ಷಣಿಕವಾಗಿ ಆರಂಭವಾದ ಅಧ್ಯಯನವು ನಾಳೆ ವಾಣಿಜ್ಯ ಉತ್ಪನ್ನಕ್ಕೆ ದಾರಿಯಾಗಬಹುದು. ಆದುದರಿಂದ ಸಮುದಾಯವು ತನ್ನ ಷರತ್ತುಗಳನ್ನು ಮಾಹಿತಿ ನೀಡುವ ಮೊದಲೇ ಲಿಖಿತವಾಗಿ ತಿಳಿಸುವುದು ಅತ್ಯಂತ ಅವಶ್ಯಕ. ಒಮ್ಮೆ ಹೊರಗೆ ಹೋದ ಮಾಹಿತಿಯನ್ನು ಹಿಂಪಡೆಯಲು ಸಾಧ್ಯವಿಲ್ಲ.

ಒಪ್ಪಂದ ಪತ್ರದಲ್ಲಿ ಇರಬೇಕಾದ ಅಂಶಗಳು

• ಅಧ್ಯಯನದ ಉದ್ದೇಶ, ಅವಧಿ, ಧನಸಹಾಯ ನೀಡುವವರ ಹೆಸರು ಮತ್ತು ಹೊಣೆಗಾರ ಅಧ್ಯಾಪಕರ ಹೆಸರು.
• ಸಂಗ್ರಹಿಸುವ ಸಸ್ಯ, ಬೀಜ ಅಥವಾ ಮಾದರಿಗಳ ಪ್ರಮಾಣ. ಅವುಗಳನ್ನು ಇರಿಸುವ ಸ್ಥಳ.
• ಮಾಹಿತಿ ನೀಡುವವರಿಗೆ ಮತ್ತು ಮಾರ್ಗದರ್ಶಕರಿಗೆ ದಿನವೊಂದಕ್ಕೆ ನೀಡುವ ಸಂಭಾವನೆ.
• ಪ್ರಕಟಣೆಯಲ್ಲಿ ಹೆಸರು ನಮೂದಿಸುವ ಅಥವಾ ಗೋಪ್ಯವಾಗಿಡುವ ಕುರಿತು ಮಾಹಿತಿದಾರರ ಇಚ್ಛೆ.
• ಪ್ರಕಟಣೆಗೆ ಮೊದಲು ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಮಂಡಿಸುವ ದಿನಾಂಕ.
• ವಾಣಿಜ್ಯ ಬಳಕೆ ಅಥವಾ ಪೇಟೆಂಟ್‌ಗೆ ಮುಂದಾದಲ್ಲಿ ಹೊಸದಾಗಿ ಸಮ್ಮತಿ ಪಡೆಯುವ ಮತ್ತು ಲಾಭಾಂಶ ಹಂಚುವ ಷರತ್ತು.

ಸಾರ್ವಜನಿಕರು ಅನುಸರಿಸಬಹುದಾದ ಕ್ರಮ

1. ಅಧ್ಯಯನಕ್ಕಾಗಿ ಬಂದವರಿಂದ ವಿಶ್ವವಿದ್ಯಾಲಯದ ಅಧಿಕೃತ ಪತ್ರವನ್ನು ಕೇಳಿ ಪಡೆಯುವುದು. ಸಂರಕ್ಷಿತ ಅರಣ್ಯ ಪ್ರದೇಶವಾದಲ್ಲಿ ಅರಣ್ಯ ಇಲಾಖೆಯ ಅನುಮತಿಯನ್ನೂ ಪರಿಶೀಲಿಸುವುದು.
2. ವಿಷಯವನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಗಮನಕ್ಕೆ ತರುವಂತೆ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.
3. ಮಹಿಳೆಯರೂ ದೂರದ ಪೋಡು, ಹಾಡಿಗಳ ನಿವಾಸಿಗಳೂ ಹಾಜರಿರುವ ಸಭೆಯಲ್ಲಿ ಚರ್ಚಿಸಿ, ನಡವಳಿಯನ್ನು ದಾಖಲಿಸುವುದು.
4. ಒಪ್ಪಂದದ ಒಂದು ಪ್ರತಿಯನ್ನು ಪಂಚಾಯಿತಿಯಲ್ಲಿಯೂ ಮತ್ತೊಂದನ್ನು ಸಮುದಾಯದವರಲ್ಲಿಯೂ ಇಟ್ಟುಕೊಳ್ಳುವುದು.
5. ಅಧ್ಯಯನ ಮುಗಿದ ನಂತರವೂ ವರದಿ ದೊರೆಯದಿದ್ದಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಜೈವಿಕ ಸಂಪನ್ಮೂಲದ ವಾಣಿಜ್ಯ ಬಳಕೆಯ ಬಗ್ಗೆ ಸಂಶಯವಿದ್ದಲ್ಲಿ 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಸಮಿತಿಯ ಮೂಲಕ ಅಥವಾ ನೇರವಾಗಿ ಬರೆಯಬಹುದಾಗಿದೆ.

ಸಂಶೋಧನೆಗೆ ಅಡ್ಡಿಪಡಿಸುವುದು ಈ ಕ್ರಮಗಳ ಉದ್ದೇಶವಲ್ಲ. ಹಿರಿಯರೊಡನೆ ಮರೆಯಾಗುತ್ತಿರುವ ತಿಳಿವಳಿಕೆಯನ್ನು ದಾಖಲಿಸಲು ವಿಶ್ವವಿದ್ಯಾಲಯಗಳ ನೆರವು ಅಗತ್ಯವಾಗಿದೆ. ಆದರೆ ಆ ದಾಖಲೆಯ ಮೊದಲ ಪ್ರತಿ ಅದನ್ನು ನೀಡಿದ ಊರಿನಲ್ಲಿ, ಆ ಊರಿನವರು ಓದಬಲ್ಲ ಭಾಷೆಯಲ್ಲಿ ಉಳಿಯಬೇಕು.